ಆಟದ ಬಯಲೂ ಡಾಕ್ಟರೇಟ್ ಪದವಿಯೂ

(ಅಮೀರ್‌ಪೇಟಿನಲ್ಲಿ ನಮ್ಮ ಸಂಘದ ಕನ್ನಡ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಮಾತಿಗೆ ತೊಡಗುವ ಮುನ್ನ ಒಂದು ತಿದ್ದುಪಡಿಯನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಡಾ.’ ಎಂದು ಅಚ್ಚಾಗಿದೆ. ಇದು ನಮ್ಮ ಕಾರ್ಯದರ್ಶಿಗಳ ಅಭಿಮಾನದಿಂದ ಆದ ತಪ್ಪು. ನಾನು ಡಾಕ್ಟರೇಟ್ ಪದವಿಗಾಗಿ ಓದುತ್ತಿರುವುದೇನೋ ನಿಜ. ಆದರೆ ಈಗ ನಡೆಯುತ್ತಿರುವುದು ನಾಲ್ಕನೆಯ ವರ್ಷ, ಮಹಾಪ್ರಬಂಧ ಅರ್ಧದಲ್ಲಿದೆ, ಮುಗಿದೇ ಮುಗಿಯುವುದೆಂದು ಆಣೆ ಇಟ್ಟು ಹೇಳುವ ಧೈರ್ಯವೂ ನನಗಿಲ್ಲ. ಆದುದರಿಂದ ಜೇಬಿನಲ್ಲಿ ಪೆನ್ನು ಇರುವ ಮಹನೀಯರು ದಯಮಾಡಿ ಆ ಅಕ್ಷರವನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ.

ಇದನ್ನು ಬರಿಯ ವಿನಯಕ್ಕಾಗಿ ಹೇಳುತ್ತಿಲ್ಲ. ಈ ವಿಷಯದಲ್ಲಿ ನಮ್ಮ ನಾಡಿನ ಕ್ರೀಡಾಪಟುವೊಬ್ಬರು ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. 2017ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ರಾಹುಲ್ ದ್ರಾವಿಡ್ ಅವರಿಗೆ ಗೌರವ ಡಾಕ್ಟರೇಟ್ ಕೊಡಲು ನಿಶ್ಚಯಿಸಿತು. ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನುಗಳನ್ನು ಹೊಡೆದ ಆಟಗಾರ ಅವರು. ಆ ಹೊತ್ತಿಗೆ ಹತ್ತೊಂಬತ್ತರ ಒಳಗಿನ ಹುಡುಗರಿಗೆ ತರಬೇತು ಕೊಡುತ್ತಿದ್ದರು. ಅವರು ವಿಶ್ವವಿದ್ಯಾಲಯಕ್ಕೆ ಕೃತಜ್ಞತೆ ಹೇಳಿ, ಗೌರವವನ್ನು ಒಲ್ಲೆನೆಂದರು. ಕ್ರೀಡೆಗೆ ಸಂಬಂಧಿಸಿದಂತೆ ಏನಾದರೂ ಸಂಶೋಧನೆ ಮಾಡಿ ಅಂಥ ಪದವಿಯನ್ನು ಸಂಪಾದಿಸಲು ಯತ್ನಿಸುವುದು ತಮಗೆ ಇಷ್ಟವೆಂದು ತಿಳಿಸಿದರು. ಪತ್ರಿಕೆಗಳು ಅದನ್ನು ಅವರ ಸೌಜನ್ಯವೆಂದು ಕೊಂಡಾಡಿದವು. ನನಗೆ ಅದರಲ್ಲಿ ಸೌಜನ್ಯಕ್ಕಿಂತ ಹೆಚ್ಚಿನದೊಂದು ಮಾತು ಕೇಳಿಸಿತು. ಆಟದಲ್ಲಿ ಓದಿ ತಿಳಿಯಬೇಕಾದದ್ದು ಬಹಳವಿದೆ, ಆಡಿ ಗೆದ್ದ ಮಾತ್ರಕ್ಕೆ ಅದೆಲ್ಲ ತಿಳಿದಂತಾಗುವುದಿಲ್ಲ ಎಂಬ ಮಾತು ಅದು. ಈ ಹೊತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ.

ನನ್ನ ಪರಿಚಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೀದರ ಜಿಲ್ಲೆಯವನು, ಹೊಟ್ಟೆಪಾಡಿಗೆ ಈ ಊರಿಗೆ ಬಂದವನು. ಒಂದು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ಬೆಳಗ್ಗೆ ಸಂಜೆ ಹೆಣ್ಣುಮಕ್ಕಳಿಗೆ 800 ಮತ್ತು 1500 ಮೀಟರ್ ಓಟದ ತರಬೇತು ಕೊಡುತ್ತೇನೆ. ಅಮೀರ್‌ಪೇಟಿನಲ್ಲಿ ಮೊದಲ ಸಲ ಮನೆ ಹುಡುಕುತ್ತ ಬಂದಾಗ ‘ನಾನು ಕೋಚಿಂಗ್ ಕೊಡುವವನು’ ಎಂದೆ. ಮನೆಯ ಯಜಮಾನರು ಬಲು ಮರ್ಯಾದೆಯಿಂದ ಕುರ್ಚಿ ಕೊಟ್ಟು, ‘ಯಾವುದರಲ್ಲಿ, ಜಾವಾದಲ್ಲೋ ಪೈಥಾನ್‌ನಲ್ಲೋ?’ ಎಂದು ಕೇಳಿದರು. ಓಟದಲ್ಲಿ ಎಂದ ಕೂಡಲೆ ಮುಂಗಡದ ಹಣ ಎರಡು ತಿಂಗಳದ್ದು ಇದ್ದದ್ದು ನಾಲ್ಕು ತಿಂಗಳದ್ದಾಯಿತು. ಮೈತ್ರೀವನದ ಸುತ್ತಮುತ್ತ ಗೋಡೆಗೋಡೆಗೂ ತರಬೇತಿಯ ಹಲಗೆಗಳು ತೂಗುವ ಈ ಪೇಟೆಯಲ್ಲಿ ಕಾಲಿಗೆ ತರಬೇತು ಕೊಡುವವನಿಗೆ ತಲೆಗೆ ತರಬೇತು ಕೊಡುವವನಷ್ಟು ನಂಬಿಕೆ ಇಲ್ಲದಿರುವುದು ಸಹಜವೇ. ನಾನು ಯಜಮಾನರನ್ನು ದೂರುವುದಿಲ್ಲ. ನಾವು ವ್ಯಾಯಾಮ ಶಿಕ್ಷಕರು ಆ ನಂಬಿಕೆಗೆ ತಕ್ಕಂತೆ ನಡೆದುಕೊಂಡಿದ್ದೇವೆಯೇ ಎಂಬ ಪ್ರಶ್ನೆಯೂ ಉಂಟು.

ಈಗ ಈ ವ್ಯಾಸಂಗವೆಂದರೇನೆಂಬುದನ್ನು ಹೇಳುತ್ತೇನೆ. ಡಾಕ್ಟರೇಟ್ ಎಂದರೆ ನಮ್ಮ ಕಣ್ಣಿಗೆ ಬರುವುದು ಗ್ರಂಥಾಲಯದಲ್ಲಿ ಕುಳಿತ ಇಪ್ಪತ್ತೈದರ ಯುವಕ. ಹೊರದೇಶಗಳಲ್ಲಿ ಇನ್ನೊಂದು ಬಗೆಯ ಪದವಿ ಬೆಳೆದು ಬಂದಿದೆ. ಅದನ್ನು ವೃತ್ತಿಪರ ಡಾಕ್ಟರೇಟ್ ಎನ್ನುತ್ತಾರೆ. ಡಬ್ಲಿನ್ ನಗರ ವಿಶ್ವವಿದ್ಯಾಲಯ, ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯ ಮೊದಲಾದವು ಮೇಲ್ಮಟ್ಟದ ಕ್ರೀಡೆಯಲ್ಲಿ ದುಡಿಯುವವರಿಗಾಗಿಯೇ ಅಂಥ ವ್ಯಾಸಂಗವನ್ನು ಏರ್ಪಡಿಸಿವೆ. ತರಬೇತುಗಾರ, ಅಂಗಸಾಧನೆಯ ಶಿಕ್ಷಕ, ಆಹಾರತಜ್ಞ, ಮನಶ್ಶಾಸ್ತ್ರಜ್ಞ, ಇವರು ಕೆಲಸವನ್ನು ಬಿಡದೆ ಓದುತ್ತಾರೆ. ಪ್ರಶ್ನೆ ಅವರ ಕೆಲಸದಿಂದಲೇ ಹುಟ್ಟಬೇಕು, ಉತ್ತರ ಅವರ ಕೆಲಸಕ್ಕೇ ಮರಳಿ ಬರಬೇಕು. ನನ್ನಂಥವನಿಗೆ ಆ ದೇಶಗಳ ಶುಲ್ಕ ದೂರದ ಬೆಟ್ಟ. ಇಲ್ಲಿ ನನಗೆ ಎಟುಕಿದ್ದು ಅರೆಕಾಲದ ಪಿಎಚ್.ಡಿ. ಹೆಸರು ಬೇರೆಯಾದರೂ ನಾನು ಅದನ್ನು ಆ ಬಗೆಯಲ್ಲೇ ನಡೆಸುತ್ತಿದ್ದೇನೆ.

ಇದಕ್ಕೆ ಹಿರಿಯರೊಬ್ಬರು ಆಕ್ಷೇಪವೆತ್ತಿದರು. ‘ರಹೀಮ್ ಸಾಹೇಬರಿಗೆ ಯಾವ ಡಾಕ್ಟರೇಟ್ ಇತ್ತಯ್ಯಾ?’ ಎಂದು ಕೇಳಿದರು. ಹೈದರಾಬಾದಿನ ಹಳಬರಿಗೆ ಈ ಹೆಸರನ್ನು ನಾನು ಪರಿಚಯಿಸಬೇಕಿಲ್ಲ, ಚಿಕ್ಕವರಿಗಾಗಿ ಹೇಳುತ್ತೇನೆ. ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲೆಯ ಮೇಷ್ಟರು, ಉಸ್ಮಾನಿಯಾದ ಪದವೀಧರರು. 1950ರಿಂದ ಹೈದರಾಬಾದ್ ಪೊಲೀಸ್ ಫುಟ್‌ಬಾಲ್ ತಂಡಕ್ಕೆ ತರಬೇತು ಕೊಟ್ಟು, ಸಾಲಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ಗೆಲ್ಲಿಸಿದರು. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದ್ ರಾಜ್ಯ ಒಡೆದು ಬೀದರ, ಕಲಬುರಗಿ, ರಾಯಚೂರು ಕನ್ನಡನಾಡಿಗೆ ಸೇರಿದವಷ್ಟೆ. ನಾವು ಇಂದು ಆಚರಿಸುತ್ತಿರುವ ಹಬ್ಬ ಅದೇ. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿತು. ಆ ಕೂಟದಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ ಬಂತು. 1951ರಲ್ಲೂ 1962ರಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಅವರ ತಂಡದ್ದು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಗೆದ್ದಾಗ ರಹೀಮರ ಮೈಯಲ್ಲಿ ಕ್ಯಾನ್ಸರ್ ಇತ್ತು. ಮರುವರ್ಷ ಜೂನಿನಲ್ಲಿ ಅವರು ತೀರಿಕೊಂಡರು. ಅಂದಿನಿಂದ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ನಮ್ಮ ದೇಶಕ್ಕೆ ಬಂದಿಲ್ಲ.

ಹಿರಿಯರ ಆಕ್ಷೇಪಕ್ಕೆ ಉತ್ತರ ಈ ಕೊನೆಯ ವಾಕ್ಯದಲ್ಲೇ ಇದೆಯೆಂದು ನನ್ನ ಭಾವನೆ. ರಹೀಮರಿಗೆ ಪದವಿ ಬೇಕಾಗಿರಲಿಲ್ಲ, ನಿಜ. ಆದರೆ ಅವರ ಅರಿವಿನ ಎಷ್ಟೋ ಪಾಲು ಅವರ ಶಿಷ್ಯರ ನೆನಪಿನಲ್ಲಿ ಉಳಿದು, ಶಿಷ್ಯರೊಂದಿಗೆ ಕರಗಿತು. ಮಹಾ ಪ್ರತಿಭೆಗೆ ಗುರುಮನೆ ಬೇಡವಿರಬಹುದು; ಅವರ ಹಿಂದೆ ಬರುವ ಸಾಧಾರಣರಾದ ನಮಗೆ ಬೇಕು. ಕಂಡದ್ದನ್ನು ಬರೆದಿಟ್ಟು, ಬರೆದದ್ದನ್ನು ಪರೀಕ್ಷೆಗೆ ಒಡ್ಡಿ, ಮತ್ತೊಬ್ಬರು ಅದರ ಮೇಲೆ ಕಟ್ಟುವಂತೆ ಬಿಟ್ಟುಹೋಗುವುದು ಸಾಧಾರಣರ ದಾರಿ.

ಆಟದ ವಿದ್ಯೆಯೂ ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಊರಿನಿಂದ ಊರಿಗೂ ದಾಟುತ್ತದೆ. ನಮ್ಮ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರು. ಈ ಊರಿನ ಎಸ್. ಎಂ. ಆರಿಫ್ ಅವರ ಕೈಯಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ ಮುಂದೆ ಬೆಂಗಳೂರಿಗೆ ಬಂದು ಪ್ರಕಾಶರ ಅಕಾಡೆಮಿಯಲ್ಲಿ ಕಲಿತರು. ನಡುವೆ, 1994ರಲ್ಲಿ, ಮೊಣಕಾಲಿಗೆ ಭಾರಿ ಪೆಟ್ಟಾಗಿತ್ತು. ಆದರೂ 2001ರಲ್ಲಿ ಅದೇ ಆಲ್ ಇಂಗ್ಲೆಂಡನ್ನು ಗೆದ್ದು, 2008ರಲ್ಲಿ ಗಚ್ಚಿಬೌಲಿಯಲ್ಲಿ ಅಕಾಡೆಮಿ ತೆರೆದರು. 2012ರಲ್ಲಿ ಸೈನಾ ನೆಹ್ವಾಲರ ಕಂಚು, 2016ರಲ್ಲಿ ಪಿ. ವಿ. ಸಿಂಧು ಅವರ ಬೆಳ್ಳಿ, ಎರಡು ಒಲಿಂಪಿಕ್ ಪದಕಗಳ ಹಿಂದೆ ಈ ಸರಪಣಿ ಇದೆ. ಇಲ್ಲಿ ವಿದ್ಯೆ ದಾಟಿದ್ದು ಕಣ್ಣಾರೆ ಕಂಡು, ಕೈಯಾರೆ ಕಲಿತು. ಬರಹದಲ್ಲೂ ದಾಟುವಂತಾದರೆ ಪ್ರಕಾಶರ ಮನೆಯ ಬಾಗಿಲಿಗೆ ಬರಲಾರದ ಹಳ್ಳಿಯ ಮೇಷ್ಟರಿಗೂ ಅದು ತಲುಪೀತು.

ಇಷ್ಟು ಪೀಠಿಕೆ ಆಯಿತು. ಇನ್ನು ನಾನೇಕೆ ನಲವತ್ತು ದಾಟಿದ ಮೇಲೆ ಪುಸ್ತಕ ಹಿಡಿದೆನೆಂಬುದನ್ನು ಹೇಳಬೇಕು. ಅದು ನನಗೆ ಹೆಮ್ಮೆಯ ಸಂಗತಿಯಲ್ಲ.

ನನ್ನ ಬಳಿ ಹದಿನಾರು ವರ್ಷದ ಹುಡುಗಿಯೊಬ್ಬಳು ಓಡುತ್ತಿದ್ದಳು. ನಮ್ಮ ರಾಯಚೂರಿನ ಕಡೆಯ ಕುಟುಂಬ. ಹೆಸರು ಹೇಳುವುದಿಲ್ಲ, ಹೆಸರಿಲ್ಲದೆ ಈ ಕಥೆಯನ್ನು ಹೇಳಲು ಅವಳೂ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಬಲು ಚುರುಕು, ಬಲು ವಿಧೇಯೆ. ಒಂದು ಚಳಿಗಾಲದಲ್ಲಿ ಅವಳು ಬಂದು, ‘ಸರ್, ಮೊಣಕಾಲಿನ ಕೆಳಗ ನೋಯಲಿಕ್ಕತ್ತದ’ ಎಂದಳು. ನಾನು ನಕ್ಕು, ‘ನೋವಿಲ್ಲದ ಓಟ ಉಂಟೇನಮ್ಮಾ?’ ಎಂದೆ. ನನ್ನ ಮೇಷ್ಟರು ನನಗೆ ಹೇಳಿದ್ದೂ ಅದೇ ಮಾತು. ಆಗ ಜಿಲ್ಲಾ ಪಂದ್ಯ ಹತ್ತಿರದಲ್ಲಿತ್ತು. ಅವಳು ಮತ್ತೆ ಹನ್ನೊಂದು ದಿನ ಓಡಿದಳು. ಪಂದ್ಯದ ದಿನ ಮೂರನೆಯ ಸುತ್ತಿನ ತಿರುವಿನಲ್ಲಿ ಕುಸಿದು ಕುಳಿತಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕು ಕಂಡಿತು. ಒಂದು ಏಟಿಗೆ ಮುರಿದದ್ದಲ್ಲ. ದಿನದಿನವೂ ಸ್ವಲ್ಪಸ್ವಲ್ಪ ಸವೆದು ಬಿರುಕುಬಿಟ್ಟದ್ದು.

ವೈದ್ಯರು ತಾಯಿಯನ್ನು ಒಳಗೆ ಕರೆದು ಕೆಲವು ಪ್ರಶ್ನೆ ಕೇಳಿದರು. ಹುಡುಗಿಗೆ ಮುಟ್ಟು ನಿಂತು ಎಂಟು ತಿಂಗಳಾಗಿತ್ತು. ತೆಳ್ಳಗಿದ್ದರೆ ಹೆಚ್ಚು ವೇಗವಾಗಿ ಓಡಬಹುದೆಂದು ಅವಳು ರಾತ್ರಿಯ ಊಟವನ್ನು ಬಿಟ್ಟಿದ್ದಳು. ಆ ಭಾವನೆಯನ್ನು ಅವಳ ತಲೆಯಲ್ಲಿ ಹಾಕಿದವರು ಯಾರು? ನಾನೇ. ‘ನೋಡಿ, ಇವಳ ಮೈಯಲ್ಲಿ ಒಂದು ಗುಂಜಿ ಕೊಬ್ಬಿಲ್ಲ’ ಎಂದು ಉಳಿದ ಹುಡುಗಿಯರ ಮುಂದೆ ಹೊಗಳಿದವನು ನಾನು. ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ತಾಯಿ ನನ್ನನ್ನು ಬೈಯಲಿಲ್ಲ. ‘ನೀವು ಓಡು ಅಂದ್ರಿ, ಅದಕ್ಕೇ ಓಡ್ಯಾಳ, ಸರ್’ ಎಂದರು. ಬೈದಿದ್ದರೆ ಮರೆತುಬಿಡಬಹುದಾಗಿತ್ತು.

ಸಭೆಯಲ್ಲಿ ಇಂಥ ವಿಷಯ ಎತ್ತಿದನಲ್ಲ ಎಂದು ಕೆಲವರಿಗೆ ಸಂಕೋಚವಾಗಿರಬಹುದು. ಸಂಕೋಚದಿಂದಲೇ ಕೆಲಸ ಕೆಟ್ಟಿತು, ಮಹನೀಯರೇ. ಹುಡುಗಿ ನನಗೆ ಹೇಳಲಾರಳು, ನಾನು ಅವಳನ್ನು ಕೇಳಲಾರೆ; ಹೇಳುವುದಕ್ಕೂ ಕೇಳುವುದಕ್ಕೂ ಒಂದು ಮರ್ಯಾದೆಯ ದಾರಿಯನ್ನು ನಾನು ಮಾಡಿಟ್ಟಿರಲಿಲ್ಲ. ಆಮೇಲೆ ಓದಿ ತಿಳಿದೆ: ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಈ ಸ್ಥಿತಿಯನ್ನು ವಿವರಿಸಿ ಹೆಸರಿಟ್ಟು, ಮುಂದೆ 2018ರಲ್ಲೂ 2023ರಲ್ಲೂ ತಿದ್ದಿ ಪ್ರಕಟಿಸಿದ್ದಾರೆ. ತಿಂದ ಅನ್ನದ ಶಕ್ತಿಯೆಲ್ಲ ಅಭ್ಯಾಸಕ್ಕೇ ವೆಚ್ಚವಾದರೆ ಮೈ ಬಡ ಸಂಸಾರಸ್ಥನಂತೆ ಉಳಿತಾಯಕ್ಕೆ ಇಳಿಯುತ್ತದೆ. ಮುಟ್ಟನ್ನು ನಿಲ್ಲಿಸುತ್ತದೆ, ಎಲುಬಿನ ದುರಸ್ತಿಯನ್ನು ಮುಂದೂಡುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ. ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ. ಇಷ್ಟೂ ಅಚ್ಚಾಗಿ, ಯಾರು ಬೇಕಾದರೂ ಓದುವಂತೆ ಇತ್ತು. ನಾನು ಓದಿರಲಿಲ್ಲ, ಅಷ್ಟೆ. ಇಪ್ಪತ್ತು ವರ್ಷದ ಅನುಭವವಿದೆಯೆಂದು ಬೀಗುತ್ತಿದ್ದವನಿಗೆ, ಇದ್ದದ್ದು ಒಂದು ವರ್ಷದ ಅನುಭವ, ಅದನ್ನೇ ಇಪ್ಪತ್ತು ಸಲ ಮಾಡಿದ್ದೇನೆ ಎಂದು ಆ ದಿನ ತಿಳಿಯಿತು.

ಹೀಗೆ ನಾನು ಅರ್ಜಿ ಹಾಕಿದೆ. ಹದಿಹರೆಯದ ಓಟಗಾರ್ತಿಯರಲ್ಲಿ ಅಭ್ಯಾಸದ ಹೊರೆ, ನಿದ್ರೆ, ಆಹಾರ, ಕಾಲುನೋವು ಇವುಗಳ ಸಂಬಂಧ ನನ್ನ ವಿಷಯ.

ಓದತೊಡಗಿದ ಮೇಲೆ ಮೊದಲು ಮುರಿದದ್ದು ನನ್ನ ನಂಬಿಕೆಗಳು. ಒಂದು ಉದಾಹರಣೆ ಕೊಡುತ್ತೇನೆ. ಓಟದ ದೂರವನ್ನು ವಾರಕ್ಕೆ ನೂರಕ್ಕೆ 10ರಂತೆ ಮಾತ್ರ ಹೆಚ್ಚಿಸಿದರೆ ಪೆಟ್ಟಾಗದು ಎಂಬುದು ನಮ್ಮ ಕಸಬಿನ ಒಂದು ಗಾದೆ. ನಾನೂ ಅದನ್ನು ಮಂತ್ರದಂತೆ ಹೇಳಿಕೊಡುತ್ತಿದ್ದೆ. ನೆದರ್ಲೆಂಡ್ಸಿನ ವಿದ್ವಾಂಸರು ಹೊಸದಾಗಿ ಓಟ ಕಲಿಯುವ ಐನೂರಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ನಿಯಮದಂತೆ 13 ವಾರ, ಇನ್ನೊಂದಕ್ಕೆ ಬೇಗ ಏರುವ ಕ್ರಮದಲ್ಲಿ 8 ವಾರ ಅಭ್ಯಾಸ ಮಾಡಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ಗುಂಪಿನಲ್ಲೂ ಪೆಟ್ಟು ಮಾಡಿಕೊಂಡವರು ನೂರಕ್ಕೆ 20ರಷ್ಟು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಾಗೆಂದ ಮಾತ್ರಕ್ಕೆ ಮಕ್ಕಳನ್ನು ಮನಬಂದಂತೆ ಓಡಿಸಬಹುದು ಎಂದಲ್ಲ. ಎಲ್ಲರಿಗೂ ಹೊಂದುವ ಒಂದು ಅಂಕಿಯನ್ನು ಹಿಡಿದುಕೊಂಡು ಎದುರಿಗಿರುವ ಒಬ್ಬಳ ಮುಖವನ್ನು ನೋಡದೆ ಇರಬಾರದು ಎಂದು ನಾನು ಅರ್ಥ ಮಾಡಿಕೊಂಡೆ. ಒಬ್ಬಳಿಗೆ ಪರೀಕ್ಷೆಯ ಕಾಲ, ನಿದ್ರೆಯಿಲ್ಲ. ಒಬ್ಬಳಿಗೆ ಮನೆಯಲ್ಲಿ ಕಾಯಿಲೆ. ಒಬ್ಬಳು ಬೆಳಗಿನಿಂದ ಬರಿಯ ಚಹಾದ ಮೇಲಿದ್ದಾಳೆ. ಇವರ ಕಾಲಿನ ಮೇಲೆ ಬೀಳುವ ಅದೇ ಐದು ಕಿಲೋಮೀಟರು ಒಂದೇ ತೂಕದ್ದಲ್ಲ.

ಆ ತೂಕವನ್ನು ಅಳೆಯಲು ದುಬಾರಿ ಯಂತ್ರ ಬೇಕೆಂದು ಭಾವಿಸಬೇಡಿ. ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವಿದ್ವಾಂಸರು ರೂಢಿಗೆ ತಂದ ಒಂದು ಸರಳ ಲೆಕ್ಕವಿದೆ. ಅಭ್ಯಾಸ ಮುಗಿದು ಅರ್ಧ ಗಂಟೆಯ ನಂತರ ಮಗುವನ್ನು ಕೇಳಬೇಕು: ‘ಇವತ್ತಿನದು ಎಷ್ಟು ಕಷ್ಟವಾಯಿತು? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳು.’ ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಬೇಕು. 60 ನಿಮಿಷ, ಕಷ್ಟ 4 ಆದರೆ 240. ಅದೇ 60 ನಿಮಿಷ ಮರುವಾರ 7 ಎಂದರೆ 420. ಗಡಿಯಾರದಲ್ಲಿ ಓಟ ಒಂದೇ, ಮೈಯಲ್ಲಿ ಒಂದೇ ಅಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ಕು ಸಾಕು. ಆ ಹುಡುಗಿಗೆ ಅಂಥದೊಂದು ಪುಸ್ತಕವಿದ್ದಿದ್ದರೆ, ಬಿರುಕು ಬರುವುದಕ್ಕೆ ಮೊದಲೇ ಅಂಕಗಳು ಏರುತ್ತಿರುವುದು ನನ್ನ ಕಣ್ಣಿಗೆ ಬೀಳುತ್ತಿತ್ತೋ ಏನೋ.

ಇಲ್ಲಿ ನಮ್ಮ ಭಾಷೆಯ ಮಾತು ಬಂತು. ಆ ಹತ್ತು ಮೆಟ್ಟಿಲುಗಳಿಗೆ ಇಂಗ್ಲಿಷಿನಲ್ಲಿ ಗೊತ್ತಾದ ಪದಗಳಿವೆ. ನನ್ನ ಬಳಿ ಓಡುವ ಮಕ್ಕಳು ತೆಲುಗು, ಉರ್ದು, ಕನ್ನಡ ಮನೆಗಳವರು. ನಾನು ಕನ್ನಡದ ರೂಢಿಯಲ್ಲಿ ‘ಸುಸ್ತಾಯಿತೇ?’ ಎಂದು ಉರ್ದುವಿನ ಹುಡುಗಿಯನ್ನು ಕೇಳಿದರೆ ಅವಳ ಮುಖ ಸಣ್ಣದಾಯಿತು. ಅವರ ಮಾತಿನಲ್ಲಿ ‘ಸುಸ್ತ್’ ಎಂದರೆ ಸೋಮಾರಿ! ಕನ್ನಡದ ಹುಡುಗಿಯನ್ನು ಸುಸ್ತಿಗೂ ದಣಿವಿಗೂ ಏನು ವ್ಯತ್ಯಾಸವೆಂದು ಕೇಳಿದೆ. ‘ದಣಿವು ಓಡಿದ್ರ ಆಗ್ತದ, ಸುಸ್ತು ಓಡದಿದ್ರೂ ಆಗ್ತದ’ ಎಂದಳು. ವೈದ್ಯರು ಕೇಳಿದರೂ ಮೆಚ್ಚಬೇಕಾದ ವಿವರಣೆ. ಹೀಗೆ ‘ಹಗುರ’ದಿಂದ ‘ಇನ್ನು ಆಗದು’ ಎಂಬುವವರೆಗೆ ಮೂರು ಭಾಷೆಗಳಲ್ಲಿ ಪದಗಳನ್ನು ಗೊತ್ತುಮಾಡಿ, ಬೇರೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ, ಅರ್ಥ ಜಾರಿಲ್ಲವೆಂದು ನೋಡುವುದಕ್ಕೇ ಒಂದು ವರ್ಷ ಹಿಡಿಯಿತು. ನೋವನ್ನು ಮಗು ಮನೆಯ ಮಾತಿನಲ್ಲೇ ಅನುಭವಿಸುತ್ತದೆ. ಪರಭಾಷೆಯಲ್ಲಿ ಕೇಳಿದವನಿಗೆ ಅದು ‘ಪರವಾಗಿಲ್ಲ ಸರ್’ ಎಂಬ ಒಂದೇ ಉತ್ತರ ಕೊಡುತ್ತದೆ. ರಾಜ್ಯೋತ್ಸವದ ದಿನ ಕನ್ನಡದ ಮಹಿಮೆಯನ್ನು ಹಾಡುವ ಶಕ್ತಿ ನನಗಿಲ್ಲ. ನನ್ನ ಕಸಬಿನಲ್ಲಿ ಅದರ ಬೆಲೆ ನಾನು ಕಂಡದ್ದು ಇಷ್ಟು.

ಇನ್ನೊಂದು ಪಾಠ ನನಗೆ ಕಹಿಯಾಗಿಯೇ ಬಂತು. ಸಂಶೋಧನೆಗೆ ಮುನ್ನ ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ನನ್ನ ಮೊದಲ ಅರ್ಜಿ ಹಿಂದಕ್ಕೆ ಬಂತು. ನಾನು ತರಬೇತು ಕೊಡುವ ಮಕ್ಕಳನ್ನೇ ಅಧ್ಯಯನಕ್ಕೆ ಸೇರಿಸಿಕೊಳ್ಳುವುದು ಹೇಗೆ ನ್ಯಾಯ ಎಂಬುದು ಸಮಿತಿಯ ಪ್ರಶ್ನೆ. ನನಗೆ ಸಿಟ್ಟು ಬಂತು. ‘ನನ್ನ ಮಕ್ಕಳು ನನಗೆ ಇಲ್ಲವೆನ್ನುವರೇ?’ ಎಂದು ಮನೆಗೆ ಬಂದು ಗೊಣಗಿದೆ. ಹಾಗೆ ಗೊಣಗುತ್ತಿರುವಾಗಲೇ ಆ ಮಾತಿನ ಅರ್ಥ ಹೊಳೆಯಿತು. ಇಲ್ಲವೆನ್ನಲಾರರು ಎಂಬುದೇ ತೊಡಕು! ಓಡು ಎಂದರೆ ಮುರಿದ ಕಾಲಿನಲ್ಲಿ ಓಡಿದವಳು, ಇಲ್ಲಿ ಸಹಿ ಹಾಕು ಎಂದರೆ ಹಾಕದಿರುವಳೇ? ಆಮೇಲೆ ಬೇರೆ ವ್ಯವಸ್ಥೆಯಾಯಿತು. ನನಗೆ ಸಂಬಂಧಪಡದ ಒಬ್ಬ ಮಹಿಳೆ ಮಕ್ಕಳಿಗೂ ತಂದೆತಾಯಿಗಳಿಗೂ ವಿಷಯ ವಿವರಿಸುತ್ತಾರೆ. ಮಗುವಿನ ಒಪ್ಪಿಗೆ ಬೇರೆ, ಹೆತ್ತವರ ಒಪ್ಪಿಗೆ ಬೇರೆ, ಎರಡೂ ಬೇಕು. ಯಾರು ಒಲ್ಲೆನೆಂದರೆಂಬುದು ನನಗೆ ತಿಳಿಯದು. ಮುಟ್ಟಿನ ವಿಷಯದ ಪ್ರಶ್ನೆಗಳನ್ನು ಆಕೆಯೇ ಕೇಳುತ್ತಾರೆ. ನನಗೆ ಬರುವುದು ಹೆಸರಿಲ್ಲದ ಅಂಕೆಗಳು. ಆದರೆ ಅಪಾಯದ ಗುರುತು ಕಂಡರೆ ಆಕೆ ತಾಯಿಗೆ ಕೂಡಲೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಪದವಿ ಬರಲಿ ಬಿಡಲಿ, ಮಗು ‘ಇಲ್ಲ’ ಎನ್ನಲು ಒಂದು ದಾರಿ ಇರಬೇಕೆಂಬುದನ್ನು ನಾನು ಈ ವ್ಯಾಸಂಗದಿಂದ ಕಲಿತೆ. ನಾನು ಅದನ್ನು ಇಪ್ಪತ್ತು ವರ್ಷ ಮೊದಲೇ ಕಲಿಯಬೇಕಿತ್ತು.

ಈ ದಾರಿಯಲ್ಲಿ ಬರಬಯಸುವ ತರುಣರಿಗಾಗಿ ನಿಯಮಗಳನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯಂತೆ ಅರೆಕಾಲದ ಪಿಎಚ್.ಡಿ.ಗೆ ಅವಕಾಶವಿದೆ, ದೂರಶಿಕ್ಷಣದ ಮೂಲಕ ಪಡೆಯುವಂತಿಲ್ಲ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು; ಓದಲು ಬಿಡುವು ಕೊಡುತ್ತೇವೆಂದು ಅದರಲ್ಲಿ ಬರೆದಿರಬೇಕು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮತ್ತೆ ನೋಂದಾಯಿಸಿ ಎರಡು ವರ್ಷ ಕೂಡಿಸಬಹುದು. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷದ ರಿಯಾಯಿತಿಯೂ, 240 ದಿನಗಳ ಹೆರಿಗೆ ರಜೆಯೂ ಉಂಟು. ಅರೆಕಾಲವೆಂದು ಪಾಠವಾಗಲಿ ಪರೀಕ್ಷೆಯಾಗಲಿ ಅರ್ಧವಾಗುವುದಿಲ್ಲ. ‘ಸಲಭ’ವಾಗಿ, ಹಣಕ್ಕೆ ಬರೆದುಕೊಡುತ್ತೇವೆಂದು ಹೇಳುವವರು ಸಿಕ್ಕುತ್ತಾರೆ, ಅವರ ನೆರಳಿಗೂ ಹೋಗಬೇಡಿ. ಅಂಥ ಪ್ರಬಂಧದ ಸುಳ್ಳು ಕೊನೆಗೆ ಯಾವುದೋ ಮಗುವಿನ ಕಾಲಿನ ಮೇಲೆ ಬೀಳುತ್ತದೆ.

ಅರೆಕಾಲವೆಂದರೆ ಏನೆಂದು ನನಗಿಂತ ಚೆನ್ನಾಗಿ ನನ್ನ ಮನೆಯಾಕೆ ಬಲ್ಲಳು. ಬೆಳಗ್ಗೆ ಐದಕ್ಕೆ ಬಯಲು, ಹಗಲು ಶಾಲೆ, ಸಂಜೆ ಮತ್ತೆ ಬಯಲು, ರಾತ್ರಿ ಒಂಬತ್ತರ ಮೇಲೆ ಪುಸ್ತಕ. ನಮ್ಮ ಅಮೀರ್‌ಪೇಟಿನ ಮೆಟ್ರೋ ನಿಲ್ದಾಣದಿಂದ ನೀಲಿ ಮಾರ್ಗದಲ್ಲಿ ಒಂದು ದಿಕ್ಕಿಗೆ ಹೊರಟರೆ ಕೊನೆಗೆ ರಾಯದುರ್ಗ, ಅಲ್ಲಿಂದ ಮುಂದೆ ಗಚ್ಚಿಬೌಲಿಯ ಕ್ರೀಡಾಂಗಣ. ಇನ್ನೊಂದು ದಿಕ್ಕಿಗೆ ಹೊರಟರೆ ತಾರ್ನಾಕ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣ. ಶನಿವಾರ ಆ ಕಡೆ, ಭಾನುವಾರ ಈ ಕಡೆ. ನಡುವಿನ ನಿಲ್ದಾಣದಲ್ಲಿ ಮನೆ. ಒಂದು ಭಾನುವಾರ ಚೀಲ ಹೆಗಲಿಗೆ ಹಾಕುತ್ತಿದ್ದಾಗ ಆಕೆ, ‘ರೀ, ನಿಮ್ಮದು ಅರೆಕಾಲದ ಓದು ಅಂತೀರಲ್ಲ, ಉಳಿದ ಅರ್ಧ ನಮಗೆ ಯಾವಾಗ ಸಿಗತದ?’ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಗಳ ಎರಡು ಹುಟ್ಟುಹಬ್ಬಗಳು ನನ್ನ ಕೈತಪ್ಪಿ ಹೋಗಿವೆ. ಪದವಿ ಬಂದರೆ ಹೆಸರು ನನಗೆ ಬರುತ್ತದೆ, ಬೆಲೆ ತೆತ್ತವರು ಅವರು. ಮುಂದೆ ಬರುವವರು ಮೊದಲು ಮನೆಯವರ ನಿರಾಕ್ಷೇಪಣಾ ಪತ್ರವನ್ನು ಪಡೆದು, ಆಮೇಲೆ ಕಚೇರಿಯದನ್ನು ಕೇಳುವುದು ಉಚಿತ.

ಹೀಗಿದ್ದೂ ಏಕೆ ಬಿಟ್ಟಿಲ್ಲವೆಂದರೆ, ಕೆಲಸ ಮಾಡುತ್ತ ಓದುವವನಿಗೆ ಒಂದು ಭಾಗ್ಯವುಂಟು. ರಾತ್ರಿ ಓದಿದ್ದು ಬೆಳಗಿನ ಬಯಲಿಗೆ ಬರುತ್ತದೆ. ಈಗ ನನ್ನ ಬಯಲಿನಲ್ಲಿ ಮೈತೂಕದ ಮಾತನ್ನು ಯಾರೂ ಆಡಕೂಡದು. ನೋವೆಂದ ಮಗು ಆ ದಿನ ಓಡುವುದಿಲ್ಲ. ಒಂದೇ ಜಾಗದಲ್ಲಿ ನೋವು ಉಳಿದರೆ, ರಾತ್ರಿಯಲ್ಲೂ ಕಾಡಿದರೆ, ವೈದ್ಯರ ಮಾತಿಲ್ಲದೆ ಮರಳುವುದಿಲ್ಲ. ಇದರಿಂದ ಎರಡು ಪಂದ್ಯ ಸೋತಿದ್ದೇವೆ. ಒಬ್ಬಿಬ್ಬರು ತಂದೆತಾಯಿಗಳು ‘ಈ ಮೇಷ್ಟರು ಮೆತ್ತಗಾದರು’ ಎಂದು ಮಕ್ಕಳನ್ನು ಬೇರೆ ಕಡೆಗೆ ಕರೆದೊಯ್ದಿದ್ದಾರೆ. ಆಗ ಮನಸ್ಸು ನೋಯದೆ ಇರಲಿಲ್ಲ.

ನನ್ನ ಪ್ರಾರ್ಥನೆ ಇಷ್ಟು. ನಿಮ್ಮ ಮಗ ಮಗಳು ಆಟಕ್ಕೆ ಹೋಗುತ್ತಿದ್ದರೆ ಪದಕ ಎಷ್ಟು ಬಂತೆಂದು ಕೇಳುವ ಮುನ್ನ ನಿದ್ರೆ ಬಂತೇ, ಊಟ ಸೇರಿತೇ, ಎಲ್ಲಿ ನೋಯುತ್ತದೆ ಎಂದು ಕೇಳಿ, ಕನ್ನಡದಲ್ಲಿ ಕೇಳಿ. ತರಬೇತುಗಾರನನ್ನು ‘ಎಷ್ಟು ವರ್ಷದ ಅನುಭವ?’ ಎಂದಷ್ಟೇ ಕೇಳದೆ ‘ಈಗ ಏನು ಓದುತ್ತಿದ್ದೀರಿ?’ ಎಂದೂ ಕೇಳಿ, ನನ್ನನ್ನೂ ಕೇಳಿ. ನಿಮ್ಮ ಮನೆಯಲ್ಲಿ ವ್ಯಾಯಾಮ ಶಿಕ್ಷಣ, ಫಿಸಿಯೋಥೆರಪಿ, ಆಹಾರಶಾಸ್ತ್ರ ಓದಿದ ಮಕ್ಕಳಿದ್ದರೆ ಅವರಿಗೆ ಇದು ಕೀಳು ಕಸಬೆನ್ನಬೇಡಿ. ಬಳ್ಳಾರಿಯ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ತೆರೆದ ಕ್ರೀಡಾ ಸಂಸ್ಥೆಯಂಥ ಕಡೆಗಳಲ್ಲಿ, ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಂಥ ಕಡೆಗಳಲ್ಲಿ, ಬಯಲನ್ನೂ ಪುಸ್ತಕವನ್ನೂ ಬಲ್ಲವರಿಗೆ ಕೆಲಸವುಂಟು. ಶಾಲೆಗಳ ಬಯಲುಗಳಲ್ಲಂತೂ ಅವರ ಅಗತ್ಯ ಇನ್ನೂ ಹೆಚ್ಚು.

ಆ ಹುಡುಗಿ ಏನಾದಳೆಂದು ತಾವು ಕೇಳಬಹುದು. ಎಲುಬು ಕೂಡಿತು. ಓಟಕ್ಕೆ ಅವಳು ಮರಳಲಿಲ್ಲ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ಈ ಭಾಷಣಕ್ಕೆ ಅವಳ ಒಪ್ಪಿಗೆ ಕೇಳಲು ಹೋದಾಗ, ‘ಸರ್, ನಿಮ್ಮ ಪುಸ್ತಕದಾಗ ನಾನು ಇರ್ತೀನೇನು?’ ಎಂದು ಕೇಳಿದಳು. ಇಲ್ಲಮ್ಮಾ, ನಿಯಮದಂತೆ ನಿನ್ನ ಅಂಕಿ ಅದರಲ್ಲಿ ಬರುವಂತಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ ಬಿಡ್ರಿ, ಜಲ್ದಿ ಮುಗಸ್ರಿ’ ಎಂದಳು.

ಆ ಮಾತಿನ ಮೇಲೆ ನಾನು ಓದುತ್ತಿದ್ದೇನೆ. ಮುಗಿದ ದಿನ ಕಾರ್ಯದರ್ಶಿಗಳು ‘ಡಾ.’ ಎಂದು ಅಚ್ಚು ಹಾಕಿಸಲಿ, ನಾನು ಬೇಡವೆನ್ನುವುದಿಲ್ಲ. ಅಲ್ಲಿಯ ತನಕ ಪೆನ್ನಿನಿಂದ ಹೊಡೆದುಹಾಕಿ.